ಹಾರುವ ಪತ್ರಾಸ್, ಉರುಳುವ ಬಾಳೆ: ಬಿರುಗಾಳಿ ಕೇಳುವ ಲೆಕ್ಕ

(ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೈತರು ಮತ್ತು ಶಿಕ್ಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



'ಗಾಳಿ ಬಂದಾಗ ತೂರಿಕೋ' ಎಂಬ ಗಾದೆಯನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ಜೋಳದ ರಾಶಿ ಹಾಕಿಕೊಂಡು, ಮೊರ ಹಿಡಿದು, ಗಾಳಿ ಯಾವಾಗ ಬೀಸೀತು ಎಂದು ಕಾದು ನಿಂತವರು ಈ ಸಭೆಯಲ್ಲಿ ಈಗಲೂ ಇದ್ದೀರಿ. ಆ ಗಾಳಿ ಹೊಟ್ಟನ್ನು ಹಾರಿಸಿ ಕಾಳನ್ನು ಕಾಲಬುಡದಲ್ಲಿ ಉಳಿಸುತ್ತಿತ್ತು. ಹಗುರವಾದದ್ದು ಹಾರುತ್ತದೆ, ಭಾರವಾದದ್ದು ಉಳಿಯುತ್ತದೆ ಎಂಬ ಪಾಠವನ್ನು ನಮ್ಮವರು ಶಾಲೆಯಲ್ಲಿ ಕಲಿಯಲಿಲ್ಲ, ಕಣದಲ್ಲಿ ಕಲಿತರು.

ಈಗ ಏಪ್ರಿಲ್, ಮೇ ತಿಂಗಳು ಬಂದರೆ ನಮ್ಮ ಮೂರು ತಾಲ್ಲೂಕುಗಳ ಗಾಳಿಯ ಸುದ್ದಿ ಪತ್ರಿಕೆಗಳಲ್ಲಿ ಬೇರೆಯೇ ರೀತಿ ಬರುತ್ತದೆ. ಮನೆಗಳ ಪತ್ರಾಸ್ ಹಾರಿದವು, ಬಾಳೆ ನೆಲಕಚ್ಚಿತು, ನಿಂಬೆ ಮತ್ತು ಮಾವಿನಕಾಯಿ ಉದುರಿದವು, ವಿದ್ಯುತ್ ಕಂಬ ಉರುಳಿ ಊರು ಕತ್ತಲಲ್ಲಿ ಕಳೆಯಿತು. ಊರಿನ ಹೆಸರೊಂದು ಬದಲಾಗುತ್ತದೆ, ಸುದ್ದಿ ಮಾತ್ರ ಅದೇ. ಇಂಥ ಗಾಳಿಯ ಮರುದಿನ ಯಾವ ಓಣಿಗೆ ಹೋದರೂ ಒಬ್ಬ ತಾಯಿ, "ನಮ್ಮ ಮನಿ ಪತ್ರಾ ಹಾರಿ ಹೋಗಿ ಅವರ ಹೊಲದಾಗ ಬಿದ್ದದ ನೋಡ್ರಿ" ಎಂದು ಕೈ ಮಾಡಿ ತೋರಿಸುತ್ತಾಳೆ. ನಮ್ಮ ಮನೆಯ ಛಾವಣಿ ಕಣದ ಹೊಟ್ಟಿನಂತೆ ಹಾರತೊಡಗಿದ್ದು ಯಾವಾಗಿನಿಂದ? ಗಾಳಿ ಬದಲಾಯಿತೋ, ಮನೆ ಬದಲಾಯಿತೋ? ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಇಷ್ಟೇ ವಿಷಯವನ್ನು.

ಮೊದಲು ಗಾಳಿಯ ಮಾತು. ಈ ಮಳೆಗಾಳಿಯನ್ನು ಪತ್ರಿಕೆಗಳು 'ಅಕಾಲಿಕ' ಎಂದು ಬರೆಯುತ್ತವೆ. ಪಂಚಾಂಗ ತೆರೆದು ನೋಡಿ. ಅಶ್ವಿನಿ ಮಳೆ ಏಪ್ರಿಲ್ ನಡುವಿಗೆ ಹುಟ್ಟುತ್ತದೆ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರಕ್ಕೆ ಕೃತ್ತಿಕಾ, ಆಮೇಲೆ ರೋಹಿಣಿ. ಮುಂಗಾರು ಕಾಲಿಡುವ ಮೊದಲೇ ನಾಲ್ಕು ಮಳೆಗಳಿಗೆ ಹಿರಿಯರು ಹೆಸರಿಟ್ಟು ಜಾಗ ಕೊಟ್ಟಿದ್ದಾರೆ. ಹೆಸರಿದ್ದ ಮೇಲೆ ಅದು ಅಕಾಲದ್ದು ಹೇಗಾದೀತು? ಬರುವುದು ಗೊತ್ತಿರುವ ಅತಿಥಿ ಅದು. ಬರುವ ದಿನ ಮಾತ್ರ ಗೊತ್ತಿರುವುದಿಲ್ಲ.

ಇದು ಹುಟ್ಟುವ ಬಗೆ ಹೀಗೆ. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಕಾದು ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ. ನೆಲಕ್ಕೆ ಹತ್ತಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯ ಕಡೆಯಿಂದಲೋ ಅರಬ್ಬೀ ಸಮುದ್ರದ ಕಡೆಯಿಂದಲೋ ತೇವ ಬಂದು ಸೇರಿದರೆ, ಮಧ್ಯಾಹ್ನದ ಮೇಲೆ ಮೋಡ ಗೋಪುರದಂತೆ ಹತ್ತಾರು ಸಾವಿರ ಅಡಿ ಎತ್ತರಕ್ಕೆ ಬೆಳೆಯುತ್ತದೆ. ಅಷ್ಟು ಎತ್ತರದಲ್ಲಿ ನೀರು ಹೆಪ್ಪುಗಟ್ಟಿ ಆಲಿಕಲ್ಲಾಗುತ್ತದೆ. ಮೋಡದಿಂದ ಮಳೆ ಇಳಿಯತೊಡಗಿದಾಗ ಕೆಳಗಿನ ಒಣ ಗಾಳಿ ಆ ಹನಿಗಳನ್ನು ಅರ್ಧ ದಾರಿಯಲ್ಲೇ ಕುಡಿದುಬಿಡುತ್ತದೆ. ಹನಿ ಆರುವಾಗ ಗಾಳಿ ತಣ್ಣಗಾಗುತ್ತದೆ. ನೀರು ಆರಿ ಮಡಕೆ ತಂಪಾಗುವುದೂ ಇದೇ ಕಾರಣಕ್ಕೆ. ತಣ್ಣಗಾದ ಗಾಳಿ ಭಾರವಾಗಿ, ಕೊಡದ ನೀರು ಅಂಗಳಕ್ಕೆ ಸುರಿದಂತೆ ನೆಲಕ್ಕೆ ಬಿದ್ದು ನಾಲ್ಕೂ ಕಡೆ ಹರಡುತ್ತದೆ. ಮಳೆಗಿಂತ ಮೊದಲು ಧೂಳು ಬರುವುದು ಇದರಿಂದಲೇ. ಸೆಕೆ ಹಿಡಿದು ನಿಂತ ಸಂಜೆ ಒಮ್ಮೆಲೇ ತಂಪು ಗಾಳಿ ಬೀಸಿತೆಂದರೆ, 'ಹಾಯ್' ಎಂದು ಎದೆ ತೆರೆದು ನಿಲ್ಲುವ ಹೊತ್ತಲ್ಲ ಅದು. ಬಾಗಿಲು ಹಾಕಿಕೊಳ್ಳುವ ಹೊತ್ತು.

ಈ ಗಾಳಿಯ ಹರವು ಕೆಲವೇ ಮೈಲಿ, ಆಯುಷ್ಯ ಬಹುತೇಕ ಅರ್ಧ ಗಂಟೆಯೊಳಗೆ. ಒಂದು ಊರಿನ ಮನೆಗಳು ಬಯಲಾದರೂ ಪಕ್ಕದ ಊರಿನಲ್ಲಿ ಎಲೆ ಅಲುಗದೆ ಇರುವುದಕ್ಕೆ ದೈವದ ಕೋಪ ಕಾರಣವಲ್ಲ, ಆ ಮೋಡದ ಬುಡ ಅಷ್ಟೇ ಅಗಲ. ದೊಡ್ಡ ಪ್ರಮಾಣದಲ್ಲಿ ಬರುವುದೂ ಉಂಟು. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮರಾಠವಾಡಾ, ವಿದರ್ಭ ಮತ್ತು ನಮ್ಮ ಉತ್ತರದ ಜಿಲ್ಲೆಗಳಲ್ಲಿ ದಿನಗಟ್ಟಲೆ ಬಿದ್ದ ಆಲಿಕಲ್ಲು ಮಳೆ ಹೊಲದಲ್ಲಿದ್ದ ಫಸಲನ್ನೂ ತೋಟಗಳನ್ನೂ ಹಾಳು ಮಾಡಿದ್ದು ನಿಮಗೆ ನೆನಪಿದೆ. ಆದರೆ ಬೇಸಿಗೆಯ ಗಾಳಿ ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿಯೂ ಇತ್ತು. ಆಗ ಅದು ಗಿಡ ಕೆಡವುತ್ತಿತ್ತು, ಬಣವೆ ಹಾರಿಸುತ್ತಿತ್ತು. ಮಾಳಿಗೆ ಮನೆಯ ಛಾವಣಿಯನ್ನು ಮಾತ್ರ ಎತ್ತಲು ಅದರಿಂದ ಆಗುತ್ತಿರಲಿಲ್ಲ.

ಆ ಮನೆ ಹೇಗಿತ್ತು? ಎರಡು ಅಡಿಗೂ ದಪ್ಪನೆಯ ಕಲ್ಲು-ಮಣ್ಣಿನ ಗೋಡೆ, ಒಳಗೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಜಂತಿಯ ಮೇಲೆ ಹಲಗೆ, ಬಡವರಾದರೆ ತೊಗರಿ ಕಟ್ಟಿಗೆ. ಅದರ ಮೇಲೆ ಗೆದ್ದಲು ಬಾರದಂತೆ ಬೇವಿನ ತೊಪ್ಪಲು, ಎಲ್ಲಕ್ಕೂ ಮೇಲೆ ಮುಕ್ಕಾಲು ಅಡಿ, ಒಂದು ಅಡಿ ಮಣ್ಣು. ಯಾವ ಮಣ್ಣೆಂದರೆ ಅದಲ್ಲ, ಸವಳು ಮಣ್ಣು. ಬೆಳೆಗೆ ಬೇಡವಾದ ಆ ಮಣ್ಣು ನೀರು ತಾಕಿದರೆ ಉಬ್ಬಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ, ಅದರಲ್ಲಿ ಹುಲ್ಲೂ ಸುಲಭಕ್ಕೆ ಹುಟ್ಟದು. ಪ್ರತಿ ಬೇಸಿಗೆಯಲ್ಲಿ ಮನೆಮಂದಿ ನಿಚ್ಚಣಿಕೆ ಹಚ್ಚಿ ಮಾಳಿಗೆ ಹತ್ತಿ, ಹೊಸ ಮಣ್ಣು ಹಾಕಿ, ತುಳಿದು, ನೀರು ಹರಿಯುವ ದಾರಿ ನೋಡಿ ಇಳಿಯುತ್ತಿದ್ದರು. ಹಬ್ಬಕ್ಕೆ ಸುಣ್ಣ ಬಳಿಯುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜವಾದ ಕೆಲಸವಾಗಿತ್ತು.

ಹಾಗಾದರೆ ಅದನ್ನು ಬಿಟ್ಟೆವೇಕೆ? ಹಳೆಯದೆಲ್ಲ ಚಿನ್ನ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ, ಆದರೆ ಅದು ಸುಳ್ಳಾದೀತು. ಆ ಮಾಳಿಗೆ ಜನರನ್ನು ಕೊಂದದ್ದೂ ಉಂಟು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಲಾತೂರ ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿತು. ಲಾತೂರ ಮತ್ತು ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸತ್ತವರು ಹತ್ತು ಸಾವಿರದ ಹತ್ತಿರ. ಉಸ್ಮಾನಾಬಾದ, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ಉಮರ್ಗಾ ತಾಲ್ಲೂಕು ನಮ್ಮ ಆಳಂದದ ಗಡಿಗೆ ಹತ್ತಿದ್ದು. ಆ ನಡುಕ ನಮ್ಮ ಊರುಗಳನ್ನೂ ಎಬ್ಬಿಸಿತ್ತು. ಅಷ್ಟು ಜನ ಸತ್ತದ್ದಕ್ಕೆ ಭೂಕಂಪದ ಬಲವೊಂದೇ ಕಾರಣವಲ್ಲ ಎಂದು ತಜ್ಞರು ಹೇಳಿದರು. ಕಲ್ಲಿಗೂ ಕಲ್ಲಿಗೂ ಹಿಡಿತವಿಲ್ಲದ ಮಣ್ಣಿನ ಗೋಡೆ, ಅದರ ಮೇಲೆ ಟನ್ನುಗಟ್ಟಲೆ ಮಣ್ಣು. ಗೋಡೆ ಬಿಚ್ಚಿಕೊಂಡಾಗ ಆ ಭಾರವೆಲ್ಲ ಮಲಗಿದ್ದವರ ಮೇಲೆ ಬಿತ್ತು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿ ದಂಡೆಯ ಊರುಗಳಿಗೆ ನುಗ್ಗಿದಾಗಲೂ ಮೊದಲು ಕುಸಿದವು ನೀರಲ್ಲಿ ನೆನೆದ ಮಣ್ಣಿನ ಗೋಡೆಗಳೇ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಮೇಲಿಂದ ಮೇಲೆ ನೆಲ ಅದುರಿದಾಗ ಜನ ಮನೆಯೊಳಗೆ ಮಲಗಲು ಹೆದರಿ ಬಯಲಿಗೆ ಬಂದರು.

ಇದರ ಜೊತೆಗೆ ಬೇರೆ ಕಾರಣಗಳೂ ಸೇರಿದವು. ತೊಲೆಗೆ ಬೇಕಾದ ಮರ ತುಟ್ಟಿಯಾಯಿತು. ಅಣ್ಣತಮ್ಮಂದಿರು ಬೇರೆಯಾದರು. ಒಂದು ವಾಡೆ ನಾಲ್ಕು ಕೋಣೆಗಳಾಯಿತು. ದುಡಿಯುವ ಕೈಗಳು ಪುಣೆ, ಮುಂಬಯಿ, ಹೈದರಾಬಾದಿನ ಬಸ್ಸು ಹತ್ತಿದವು. ಮಾಳಿಗೆಗೆ ಮಣ್ಣು ಹೊರುವವರು ಯಾರು? ಇಂಥ ಹೊತ್ತಿನಲ್ಲಿ ಪತ್ರಾಸ್ ಬಂತು. ಅಗ್ಗ, ಹಗುರ, ಎರಡು ದಿನದಲ್ಲಿ ಮನೆ ಮುಗಿಯುತ್ತದೆ. ಮೈಮೇಲೆ ಬಿದ್ದರೂ ಜೀವ ಉಳಿದೀತು ಎಂಬ ಧೈರ್ಯ ಬೇರೆ. ಸಿಮೆಂಟಿನ ಛಾವಣಿ ಹಾಕಲು ಹಣ ಕೂಡುವವರೆಗೆ ಇರಲಿ ಎಂದು ಹೊದಿಸಿದ ಪತ್ರಾಸಿನ ಕೆಳಗೇ ಎಷ್ಟೋ ಮನೆಗಳಲ್ಲಿ ಮಕ್ಕಳ ಮದುವೆಯೂ ಆಗಿಹೋಗಿದೆ. ಹೀಗೆ ಬಡವನ ಮನೆ ಎರಡು ಭಯಗಳ ನಡುವೆ ಸಿಕ್ಕಿತು. ಛಾವಣಿ ಭಾರವಾದರೆ ಭೂಮಿಯ ಭಯ, ಹಗುರವಾದರೆ ಗಾಳಿಯ ಭಯ.

ಇನ್ನು ಸ್ವಲ್ಪ ಲೆಕ್ಕ ಮಾಡೋಣ. ಶಿಕ್ಷಕರು ಇದನ್ನು ಕಪ್ಪು ಹಲಗೆಯ ಮೇಲೆ ಮಕ್ಕಳಿಂದಲೂ ಮಾಡಿಸಬಹುದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು ಏಳೂವರೆ ಕಿಲೋ ಭಾರದಷ್ಟು ಒತ್ತಿದರೆ, 80 ಕಿಲೋಮೀಟರ್ ವೇಗದ್ದು ಸುಮಾರು 30 ಕಿಲೋ ಒತ್ತುತ್ತದೆ. ಮನೆಯ ಮೇಲೆ ಹಾದುಹೋಗುವ ಗಾಳಿ ಛಾವಣಿಯನ್ನು ಕೆಳಗೆ ಅದುಮುತ್ತದೆ ಎಂದು ನಾವು ಎಣಿಸುತ್ತೇವೆ. ಆದರೆ ಚಪ್ಪಟೆಯಾದ, ಇಳಿಜಾರು ಕಡಿಮೆಯಿರುವ ಛಾವಣಿಯನ್ನು ಅದು ಮೇಲಕ್ಕೆ ಹೀರುತ್ತದೆ. ಬಾಗಿಲೋ ಕಿಟಕಿಯೋ ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ನೂಕುತ್ತದೆ. ಮೇಲಿನವನು ಎಳೆಯುತ್ತಾನೆ, ಕೆಳಗಿನವನು ದಬ್ಬುತ್ತಾನೆ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆ ತೆಗೆದುಕೊಳ್ಳಿ. ಅದರ ಛಾವಣಿ ಒಂಬತ್ತು ಚದರ ಮೀಟರಿಗಿಂತ ತುಸು ಹೆಚ್ಚು. 80 ಕಿಲೋಮೀಟರ್ ವೇಗದ ಗಾಳಿ ಅದನ್ನು ಸುಮಾರು 280 ಕಿಲೋ ಬಲದಿಂದ ಮೇಲೆತ್ತಬಲ್ಲದು. ಅಷ್ಟು ಜಾಗಕ್ಕೆ ಹೊದಿಸುವ ತೆಳು ತಗಡಿನ ತೂಕ 40-50 ಕಿಲೋ. ಮುಕ್ಕಾಲು ಅಡಿ ಮಣ್ಣಿನ ಹಳೆಯ ಮಾಳಿಗೆಯ ತೂಕವೋ, 3 ಟನ್ನಿಗೂ ಮೇಲೆ. ಮಾಳಿಗೆ ಏಕೆ ಹಾರಲಿಲ್ಲ, ಪತ್ರಾಸ್ ಏಕೆ ಹಾರುತ್ತದೆ ಎಂಬುದಕ್ಕೆ ಇನ್ನು ಬೇರೆ ಉತ್ತರ ಬೇಕಿಲ್ಲ.

ಈ ಲೆಕ್ಕ ಜನರಿಗೂ ತಿಳಿದಿದೆ. ಅದಕ್ಕೇ ಪತ್ರಾಸಿನ ಮೇಲೆ ಕಲ್ಲು ಹೇರುತ್ತಾರೆ. ಆದರೆ ನಾಲ್ಕು ಮೂಲೆಗೆ ಹತ್ತು ಹತ್ತು ಕಿಲೋದ ಕಲ್ಲಿಟ್ಟರೆ ಕೂಡಿದ್ದು ನಲವತ್ತು ಕಿಲೋ, ಗಾಳಿ ಕೇಳುವುದು ಇನ್ನೂರು ಚಿಲ್ಲರೆ. ತಗಡು ಎದ್ದಾಗ ಆ ಕಲ್ಲು ಉರುಳಿ ಕೆಳಗೆ ಮಲಗಿದ ಮಗುವಿನ ಮೇಲೋ ಅಂಗಳದಲ್ಲಿದ್ದವರ ಮೇಲೋ ಬೀಳುತ್ತದೆ. ಕಾಯಲು ಇಟ್ಟದ್ದೇ ಕೊಲ್ಲುತ್ತದೆ. ಇವತ್ತಿನ ಮಾತುಗಳಲ್ಲಿ ಒಂದನ್ನಷ್ಟೇ ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ: ಪತ್ರಾಸಿನ ಮೇಲಿನ ಕಲ್ಲು ಇಳಿಸಿರಿ.

ಕಲ್ಲಿನ ಬದಲು ಏನು? ಕಟ್ಟು. ತಗಡನ್ನು ಕೆಳಗಿನ ಪೈಪಿಗೆ ಹುಕ್ಕು-ಬೋಲ್ಟಿನಿಂದ ಬಿಗಿಯಬೇಕು. ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಹೀರುವಿಕೆ ಹೆಚ್ಚು, ಅಲ್ಲಿ ಬೋಲ್ಟು ಒತ್ತೊತ್ತಾಗಿರಬೇಕು. ಬೋಲ್ಟಿನ ಕೆಳಗೆ ಅಗಲವಾದ ವಾಷರ್ ಇಲ್ಲದಿದ್ದರೆ ತಗಡೇ ಹರಿದು ಬೋಲ್ಟು ಅಲ್ಲೇ ಉಳಿಯುತ್ತದೆ. ಇಷ್ಟು ಮಾಡಿ ಪೈಪನ್ನು ಗೋಡೆಯ ಮೇಲೆ ಸುಮ್ಮನೆ ಇಟ್ಟು ಮಣ್ಣು ಮೆತ್ತಿದರೆ, ಗಾಳಿ ಪೈಪು ಸಮೇತ ಛಾವಣಿಯನ್ನು ಎತ್ತಿಕೊಂಡು ಹೋಗುತ್ತದೆ. ತಗಡು ಪೈಪಿಗೆ, ಪೈಪು ಗೋಡೆಗೆ, ಗೋಡೆ ಬುನಾದಿಗೆ ಹೀಗೆ ಒಂದಕ್ಕೊಂದು ಹಿಡಿದ ಸರಪಳಿಯಾಗಬೇಕು. ಗೋಡೆಯ ತಲೆಯ ಮೇಲೆ ಮನೆಯ ನಾಲ್ಕೂ ಸುತ್ತು ಕಬ್ಬಿಣದ ಸರಳು ಸೇರಿಸಿದ ಒಂದು ಕಾಂಕ್ರೀಟ್ ಪಟ್ಟಿ ಹಾಕಿ, ಪೈಪು ಹಿಡಿಯುವ ಬೋಲ್ಟನ್ನು ಅದರಲ್ಲೇ ಹೂತರೆ ಬಹುಪಾಲು ಕೆಲಸ ಆದಂತೆ. ಅಂಗಳದ ಕಡೆ ಚಾಚಿದ ಪತ್ರಾಸ್ ಗಾಳಿಗೆ ಹಿಡಿಕೆ ಕೊಟ್ಟಂತೆ. ಚಾಚು ಕಡಿಮೆಯಿರಲಿ, ಇಲ್ಲವೆ ನೆರಳಿನ ಆ ಭಾಗ ಮನೆಯ ಛಾವಣಿಗಿಂತ ಬೇರೆಯಾಗಿರಲಿ. ಹಾರಿದರೆ ಅದೊಂದೇ ಹಾರಲಿ.

ಈ ಕಾಂಕ್ರೀಟ್ ಪಟ್ಟಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಕಿಲ್ಲಾರಿಯ ನಂತರ ಇಂಜಿನಿಯರುಗಳು ಹಳೆಯ ಮನೆಗಳಿಗೆ ಹೇಳಿದ ಮದ್ದೂ ಹೆಚ್ಚುಕಡಿಮೆ ಇದೇ: ಮಾಳಿಗೆಯ ಮಣ್ಣು ಕಡಿಮೆ ಮಾಡಿ, ಗೋಡೆಯ ಎರಡೂ ಮೈಗಳನ್ನು ಹಿಡಿಯುವ ಉದ್ದ ಕಲ್ಲು ಹಾಕಿ, ಮನೆಯ ಸುತ್ತ ಪಟ್ಟಿ ಕಟ್ಟಿ ಗೋಡೆಗಳನ್ನು ಒಂದುಗೂಡಿಸಿ. ಭೂಮಿಯ ಭಯಕ್ಕೂ ಗಾಳಿಯ ಭಯಕ್ಕೂ ಮದ್ದು ಒಂದೇ ಆಯಿತಲ್ಲ! ಭಾರ ಮನೆಯನ್ನು ಕಾಯುತ್ತದೆ ಎಂದು ನಂಬಿದ್ದೆವು, ಭೂಕಂಪ ಆ ನಂಬಿಕೆ ಮುರಿಯಿತು. ಹಗುರ ಕಾಯುತ್ತದೆ ಎಂದುಕೊಂಡೆವು, ಗಾಳಿ ಅದನ್ನೂ ಮುರಿಯಿತು. ಕಾಯುವುದು ಕಟ್ಟು.

ಇನ್ನು ತೋಟದ ಕಡೆ ಬರೋಣ. ಬಾಳೆಯ ಕಂಬ ಕಾಣಲು ದಪ್ಪ, ಅದರಲ್ಲಿ ಕಟ್ಟಿಗೆ ಎಂಬುದೇ ಇಲ್ಲ. ಎಲೆಯ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡು ಆದದ್ದು ಅದು. ಬೇರು ಮೇಲು ಮಣ್ಣಿನಲ್ಲೇ ಹರಡಿರುತ್ತದೆ, ತಲೆಯ ಮೇಲೆ ಭಾರದ ಗೊನೆ. ಜೂನ್ ತಿಂಗಳಲ್ಲಿ ನೆಟ್ಟ ಬಾಳೆ ಏಳೆಂಟು ತಿಂಗಳಿಗೆ ಗೊನೆ ಹಾಕಿದರೆ ಆ ಗೊನೆ ತುಂಬಿ ತೂಗುವುದು ಸರಿಯಾಗಿ ಏಪ್ರಿಲ್-ಮೇ ತಿಂಗಳಿಗೆ. ಅಂಗಾಂಶ ಕೃಷಿಯ ಸಸಿಗಳೆಲ್ಲ ಒಂದೇ ಸಮಯಕ್ಕೆ ಗೊನೆ ಬಿಡುವುದರಿಂದ ಅರ್ಧ ಗಂಟೆಯ ಗಾಳಿಗೆ ಇಡೀ ವರ್ಷದ ದುಡಿಮೆ ಒಟ್ಟಿಗೇ ಮಲಗುತ್ತದೆ. ಭೂಮಿ ಇರುವವರು ಎರಡು-ಮೂರು ಕಂತಿನಲ್ಲಿ ನೆಟ್ಟರೆ ನಷ್ಟವೂ ಕಂತಿನಲ್ಲಿ ಹಂಚಿಹೋಗುತ್ತದೆ. ಗೊನೆ ಬಿಟ್ಟ ಗಿಡಕ್ಕೆ ಬಿದಿರಿನ ಊರುಗೋಲು ಕೊಟ್ಟು ಬುಡಕ್ಕೆ ಮಣ್ಣು ಏರಿಸುವುದು ಹಳೆಯ ಕ್ರಮವೇ. ಪಪ್ಪಾಯಿಯ ಕಾಂಡ ಪೊಳ್ಳು, ಅದೂ ಬೇಗ ಮುರಿಯುತ್ತದೆ. ನಿಂಬೆ ಗಿಡ ನಿಂತರೂ ಕಾಯಿ ಉದುರುತ್ತದೆ, ಅದೂ ಬೇಸಿಗೆಯಲ್ಲಿ ನಿಂಬೆಗೆ ಒಳ್ಳೆಯ ಬೆಲೆ ಇರುವ ಹೊತ್ತಿನಲ್ಲಿ.

ಮೊದಲು ನಮ್ಮ ಹೊಲಗಳ ಬದುವಿನ ಮೇಲೆ ಬೇವು, ಬನ್ನಿ, ಜಾಲಿ ಗಿಡಗಳಿದ್ದವು. ಬದು ಒಡೆದು ಹೊಲ ಹಿಗ್ಗಿಸುವ ಭರದಲ್ಲಿ ಅವು ಹೋದವು. ಗಾಳಿಗೆ ಅಡ್ಡ ನಿಲ್ಲುವ ಗಿಡಗಳ ಸಾಲು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೆ ಗಾಳಿಯ ಬಿರುಸನ್ನು ತಗ್ಗಿಸುತ್ತದೆ. ಇಪ್ಪತ್ತು ಅಡಿ ಎತ್ತರದ ಸಾಲೆಂದರೆ ಇನ್ನೂರು ಅಡಿ ತೋಟಕ್ಕೆ ಆಸರೆ. ಆದರೆ ಅದು ಗೋಡೆಯಂತಿರಬಾರದು. ಗೋಡೆಯನ್ನು ದಾಟಿದ ಗಾಳಿ ಆಚೆ ಸುಳಿಯಾಗಿ ಬೀಳುತ್ತದೆ, ಗಿಡಗಳ ನಡುವೆ ಸೋಸಿ ಬಂದ ಗಾಳಿ ಸೊರಗಿ ಬರುತ್ತದೆ. ಬೇಸಿಗೆಯ ಗಾಳಿ ಇದೇ ದಿಕ್ಕಿನದೆಂದು ಹೇಳಲಾಗದ್ದರಿಂದ ಸರ್ವೆ, ಚೊಗಚೆ, ಗ್ಲಿರಿಸಿಡಿಯಾಗಳಂಥವನ್ನು ತೋಟದ ಸುತ್ತಲೂ ಬೆಳೆಸುವುದು ಲೇಸು. ಮನೆಯ ಮುಂದಿನ ಬೇವಿನ ಗಿಡಕ್ಕೂ ಇದೇ ಮಾತು. ಗಾಳಿಗೆ ಹೆದರಿ ಗಿಡ ಕಡಿಯಬೇಡಿ, ಪತ್ರಾಸಿನ ಮೇಲೆ ಚಾಚಿದ ಒಣ ಟೊಂಗೆ ಮಾತ್ರ ತೆಗೆಸಿ. ರಸ್ತೆಗೆಂದೋ ಚರಂಡಿಗೆಂದೋ ಒಂದು ಮಗ್ಗುಲಿನ ಬೇರು ಕಡಿದ ಗಿಡ ಎಷ್ಟು ದೊಡ್ಡದಾದರೂ ನಂಬುವಂತಿಲ್ಲ.

ಎಲ್ಲ ಜಾಗ್ರತೆಯನ್ನೂ ಮೀರಿ ಗಾಳಿ ಗೆದ್ದ ದಿನ ಏನು ಮಾಡುವುದು? ಪರಿಹಾರದ ಕಾನೂನನ್ನೂ ತುಸು ತಿಳಿದಿರೋಣ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಮಾನದಂಡದಲ್ಲಿ, ಬಯಲು ಸೀಮೆಯಲ್ಲಿ ಪೂರ್ತಿ ಹಾಳಾದ ಮನೆಗೆ 1,20,000 ರೂಪಾಯಿ ಇತ್ತು. ಕನಿಷ್ಠ ಶೇಕಡಾ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500, ಅದೂ ನಷ್ಟ ಶೇಕಡಾ 33 ದಾಟಿದ್ದರೆ, ಎರಡು ಹೆಕ್ಟೇರಿನವರೆಗೆ. ಆ ಅವಧಿಯ ವಿಪತ್ತುಗಳ ಪಟ್ಟಿಯಲ್ಲಿ ಆಲಿಕಲ್ಲು ಮಳೆ ಇತ್ತು, ಚಂಡಮಾರುತ ಇತ್ತು. ನಮ್ಮ ಬೇಸಿಗೆಯ ಬಿರುಗಾಳಿ ತನ್ನ ಹೆಸರಿನಿಂದ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಸ್ಥಳೀಯ ವಿಪತ್ತುಗಳಿಗೆ ರಾಜ್ಯವು ತನ್ನ ವಿಪತ್ತು ನಿಧಿಯ ಶೇಕಡಾ 10ರವರೆಗೆ ಬಳಸಲು ಅವಕಾಶವಿತ್ತು. ಸಮುದ್ರದ ದಂಡೆಯ ಗಾಳಿಗೆ ಒಂದು ಹೆಸರಿದೆ, ಬಯಲಿನ ಗಾಳಿಗೆ ಹೆಸರಿಲ್ಲ. ಮನೆ ಕಳೆದುಕೊಂಡವರಿಗೆ ಎರಡೂ ಒಂದೇ. ಈ ಮಾತನ್ನು ನಮ್ಮ ಪ್ರತಿನಿಧಿಗಳು ಕೇಳುವ ಜಾಗದಲ್ಲಿ ಎತ್ತಬೇಕು.

ಅಲ್ಲಿಯವರೆಗೆ ನಮ್ಮ ಕೈಲಿರುವುದು ಪಂಚನಾಮೆ. ಬಿದ್ದದ್ದನ್ನು ತೆರವು ಮಾಡುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಗೋಡೆ, ಕಾಳಿನ ಚೀಲ, ಮಲಗಿದ ಬಾಳೆಯ ಸಾಲು ಎಲ್ಲವೂ ಬರಲಿ. ಅದೇ ದಿನ ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ನಮ್ಮ ತಲಾಟಿಗೆ, ಬರವಣಿಗೆಯಲ್ಲಿ ತಿಳಿಸಿ. ಬೆಳೆ ವಿಮೆ ಇದ್ದವರು ಆಲಿಕಲ್ಲಿನ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ ಮರೆಯಬೇಡಿ. ಹರಿದು ಬಿದ್ದ ವಿದ್ಯುತ್ ತಂತಿಯ ಹತ್ತಿರ ಮಕ್ಕಳನ್ನು ಬಿಡಬೇಡಿ. ಅದು ಸತ್ತಿದೆ ಎಂದು ಕಂಡರೂ ನಂಬಬೇಡಿ.

ಮಾತು ಮುಗಿಸುತ್ತೇನೆ. ನಮ್ಮ ಅಜ್ಜಂದಿರ ಮಾಳಿಗೆ ಅಷ್ಟು ಕಾಲ ಬಾಳಿದ್ದು ಅದರ ಮಣ್ಣಿನಿಂದಷ್ಟೇ ಅಲ್ಲ. ವರ್ಷಕ್ಕೊಮ್ಮೆ ಯಾರಾದರೂ ಅದನ್ನು ಹತ್ತಿ ನೋಡುತ್ತಿದ್ದರು. ಪತ್ರಾಸ್ ಬಂದ ಮೇಲೆ ನಾವು ಬಿಟ್ಟದ್ದು ಮಣ್ಣನ್ನು ಮಾತ್ರವಲ್ಲ, ಹತ್ತುವುದನ್ನೂ ಬಿಟ್ಟೆವು. ತಗಡು ಹಾಕಿದ ದಿನ ಬಿಗಿದ ಬೋಲ್ಟು ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ತುಕ್ಕು ಹಿಡಿದು ಸಡಿಲಾದದ್ದು ನಮಗೆ ತಿಳಿಯುವುದು ಗಾಳಿ ಬಂದ ಸಂಜೆಯೇ. ಯುಗಾದಿಗೆ ಮನೆ ಸಾರಿಸಿ ಬೇವು-ಬೆಲ್ಲ ಹಂಚುತ್ತೇವೆ. ಅಶ್ವಿನಿ ಮಳೆಗೆ ಆಗ ಇನ್ನೂ ದಿನಗಳಿರುತ್ತವೆ. ಆ ವಾರ ಒಂದು ಬೆಳಿಗ್ಗೆ, ಬಿಸಿಲೇರುವ ಮೊದಲು, ಅದೇ ಹಳೆಯ ನಿಚ್ಚಣಿಕೆ ಹಚ್ಚಿ ಗೋಡೆಯ ಅಂಚಿನಿಂದ ಒಮ್ಮೆ ನೋಡಿ. ಮಣ್ಣಿನ ಬುಟ್ಟಿ ಬೇಡ, ಬೋಲ್ಟು ಬಿಗಿಯುವ ಪಾನಾ ಒಂದು ಕೈಲಿದ್ದರೆ ಸಾಕು. ವಯಸ್ಸಾದವರಿದ್ದರೆ, ವಿಧವೆಯೊಬ್ಬಳೇ ಇರುವ ಮನೆಯಾದರೆ, ಓಣಿಯ ಹುಡುಗರು ಆ ಮನೆಯನ್ನೂ ನೋಡಲಿ. ಯಾಕೆಂದರೆ ಗಾಳಿಗೆ ಹಾರಿದ ಪತ್ರಾಸ್ ಬೀಳುವುದು ಪಕ್ಕದ ಮನೆಯ ಮೇಲೆಯೇ.